ಟಿಲ್ಲರ್‌ಗೆ ಸಿಕ್ಕ ಕಾಲು ಮತ್ತು ವ್ಯಾಕ್ ಡ್ರೆಸ್ಸಿಂಗ್: ನನ್ನ ಅನುಭವ

ಮಳೆಗಾಲದಲ್ಲಿ ತೀರ್ಥಹಳ್ಳಿ, ಹೊಸನಗರದ ಕಡೆಯಿಂದ ಶಿವಮೊಗ್ಗಕ್ಕೆ ಬರುವ ಕಾಲಿನ ಗಾಯಗಳಲ್ಲಿ ನನಗೆ ಹೆಚ್ಚು ಆತಂಕ ತರುವುದು ಗದ್ದೆ ಉಳುವ ಟಿಲ್ಲರ್‌ನ ಗಾಯ. ಅದರ ಅಲಗು ಚರ್ಮವನ್ನು ಕತ್ತರಿಸಿ ಬಿಡುವುದಿಲ್ಲ, ಸುಲಿದು ಹಾಕುತ್ತದೆ. ಗದ್ದೆಯ ಕೆಸರು ಸ್ನಾಯುಗಳ ಸಂದಿಗೂ ಇಳಿದಿರುತ್ತದೆ. ಇಲ್ಲಿ ಬರೆಯುತ್ತಿರುವುದು ಅಂಥ ಒಬ್ಬ ರೈತರ ಕಾಲಿನ ವಿಷಯ, ಅದಕ್ಕೆ ಹಾಕಿದ ವ್ಯಾಕ್ ಡ್ರೆಸ್ಸಿಂಗಿನ ವಿಷಯ. ವ್ಯಾಕ್ ಎಂದರೆ ಗಾಯದಲ್ಲಿ ಸ್ಪಂಜು ಇಟ್ಟು, ಮೇಲೆ ಗಾಳಿಯಾಡದ ಹಾಳೆ ಅಂಟಿಸಿ, ಒಸರುವ ನೀರನ್ನು ನಳಿಕೆಯ ಮೂಲಕ ಮೆಷಿನ್‌ನಿಂದ ಹೀರುತ್ತಿರುವುದು. ಮಂಡಿಯ ಕೆಳಗಿನಿಂದ ಹರಡಿನ ಸಮೀಪದವರೆಗೆ ಮೀನಖಂಡದ ಚರ್ಮ ಹೋಗಿತ್ತು. ಮೂಳೆ ಮುರಿದಿರಲಿಲ್ಲ, ಪಾದದಲ್ಲಿ ನಾಡಿ ಚೆನ್ನಾಗಿ ಸಿಗುತ್ತಿತ್ತು. ಕಾಲು ಉಳಿಯುತ್ತದೆ ಎಂಬ ಧೈರ್ಯ ಬಂದದ್ದು ಆ ನಾಡಿಯಿಂದ.

ಮನೆಯವರು ಮೊದಲು ಕೇಳಿದ್ದು, "ಡಾಕ್ಟರೇ, ಆ ಮೆಷಿನ್ ಹಾಕಿದರೆ ಗಾಯ ಕ್ಲೀನ್ ಆಗುತ್ತದಂತಲ್ಲ?" ಎಂದು. ಆಗುವುದಿಲ್ಲ. ಗಾಯ ಸ್ವಚ್ಛವಾಗುವುದು ಆಪರೇಷನ್ ಥಿಯೇಟರಿನಲ್ಲಿ, ಸಲೈನ್ ಮತ್ತು ಬ್ಲೇಡಿನಿಂದ. ಟಿಟಿ ಚುಚ್ಚುಮದ್ದು, ಆಂಟಿಬಯಾಟಿಕ್ ಕೊಟ್ಟು, ಅರಿವಳಿಕೆಯಲ್ಲಿ ಲೀಟರುಗಟ್ಟಲೆ ಸಲೈನ್ ಹಾಕಿ ತೊಳೆದೆವು. ಚಿವುಟಿದರೆ ಅದುರದ, ಕೊಯ್ದರೆ ರಕ್ತ ಬಾರದ ಸ್ನಾಯುವನ್ನೆಲ್ಲ ತೆಗೆದೆವು. ಎರಡು ದಿನ ಬಿಟ್ಟು ಮತ್ತೆ ಥಿಯೇಟರಿಗೆ ಕರೆದೊಯ್ದಾಗ ಅಂಚಿನಲ್ಲಿ ಇನ್ನಷ್ಟು ಕಪ್ಪಾಗಿತ್ತು, ಅದನ್ನೂ ತೆಗೆದೆವು. ಸತ್ತ ಮಾಂಸದ ಮೇಲೆ ವ್ಯಾಕ್ ಕೂರಿಸಿದರೆ ಕೀವನ್ನು ಮುಚ್ಚಿಟ್ಟಂತಾಗುತ್ತದೆ. ತೆರೆದ ರಕ್ತನಾಳದ ಮೇಲೆ ಸ್ಪಂಜನ್ನು ನೇರವಾಗಿ ಇಡಲೇಬಾರದು.

ವ್ಯಾಕ್ ಹಾಕುವ ಕೆಲಸದಲ್ಲಿ ಮುಕ್ಕಾಲು ಪಾಲು ಗಾಳಿ ಸೋರದಂತೆ ಮುಚ್ಚುವುದೇ. ಮಲೆನಾಡಿನ ಮಳೆಗಾಲದಲ್ಲಿ ಎಷ್ಟು ಒರೆಸಿದರೂ ಚರ್ಮದಲ್ಲಿ ತೇವ ಉಳಿಯುತ್ತದೆ, ಅಂಟು ಹಿಡಿಯುವುದಿಲ್ಲ. ಸುತ್ತಲಿನ ಕೂದಲನ್ನು ತೆಗೆದು, ಸ್ಪಿರಿಟ್‌ನಿಂದ ಒರೆಸಿ, ಅದು ಆರುವ ತನಕ ತಾಳ್ಮೆಯಿಂದ ಕಾದು, ಟಿಂಚರ್ ಬೆಂಜಾಯಿನ್ ಬಳಿದು, ಅದೂ ಒಣಗಿ ಅಂಟಂಟಾದ ಮೇಲೆ ಪಾರದರ್ಶಕ ಹಾಳೆ ಹಾಕುತ್ತೇನೆ. ಕಪ್ಪು ಸ್ಪಂಜನ್ನು ಗಾಯದ ಆಕಾರಕ್ಕೇ ಕತ್ತರಿಸಬೇಕು. ಗಾಯದ ಮೇಲೆ ನಿಂತು ಕತ್ತರಿಸಿದರೆ ಪುಡಿ ಒಳಗೆ ಬೀಳುತ್ತದೆ, ಪಕ್ಕಕ್ಕೆ ಹೋಗಿ ಕತ್ತರಿಸಬೇಕು. ಒಳ್ಳೆಯ ಚರ್ಮದ ಮೇಲೆ ಸ್ಪಂಜು ಹತ್ತಿದರೆ ಅಲ್ಲಿ ಹೊಸ ಹುಣ್ಣು ಏಳುತ್ತದೆ. ತೆರೆದಿದ್ದ ಸ್ನಾಯುರಜ್ಜುವಿನ (ಸ್ನಾಯುವನ್ನು ಮೂಳೆಗೆ ಕಟ್ಟುವ ಹುರಿಯ) ಮೇಲೆ ಮೊದಲು ವ್ಯಾಸಲೀನ್ ಗಾಜ್ ಹಾಸಿದೆ. ಎಷ್ಟು ತುಂಡು ಸ್ಪಂಜು ಇಟ್ಟಿದ್ದೇವೆ ಎಂಬುದನ್ನು ಹಾಳೆಯ ಮೇಲೆ ಮಾರ್ಕರ್‌ನಿಂದ ಬರೆದೆ. ಒಂದು ತುಂಡು ಒಳಗೇ ಉಳಿದರೆ ಅದರ ಮೇಲೇ ಮಾಂಸ ಬೆಳೆದುಬಿಡುತ್ತದೆ.

ಹೀರುವ ಒತ್ತಡ 125 ಮಿಲಿಮೀಟರ್ ಪಾದರಸ, ಬಿಟ್ಟೂಬಿಡದೆ. ಮೆಷಿನ್ ಚಾಲೂ ಆದ ಕೂಡಲೇ ಸ್ಪಂಜು ಒಣದ್ರಾಕ್ಷಿಯಂತೆ ಸುಕ್ಕುಗಟ್ಟಿ ಗಟ್ಟಿಯಾಗಬೇಕು. ಗಟ್ಟಿಯಾಗಲಿಲ್ಲವೆಂದರೆ ಎಲ್ಲೋ ಸೋರುತ್ತಿದೆ. ಹರಡಿನ ಹಿಂದೆ ಹಾಳೆ ಮಡಚಿಕೊಂಡ ಕಡೆ ಕಿವಿಯಿಟ್ಟರೆ ಸಣ್ಣಗೆ ಸುಯ್ ಎನ್ನುವುದು ಕೇಳುತ್ತದೆ. ಅಲ್ಲಿಗೊಂದು ಪಟ್ಟಿ ಅಂಟಿಸಿದರೆ ಸದ್ದು ನಿಲ್ಲುತ್ತದೆ.

ರಾತ್ರಿ ಪಾಳಿಯ ಸಿಸ್ಟರ್‌ಗೆ ಎರಡು ಮಾತು ತಪ್ಪದೆ ಹೇಳುತ್ತೇನೆ. ನಳಿಕೆಯಲ್ಲಿ ಹಸಿ ಕೆಂಪು ರಕ್ತ ಹರಿಯುವುದು ಕಂಡರೆ ಮೊದಲು ಮೆಷಿನ್ ಆಫ್ ಮಾಡಿ, ಗಾಯವನ್ನು ಒತ್ತಿ ಹಿಡಿದು ಕರೆಯಿರಿ. ಕರೆಂಟು ಹೋಗಿ ಬ್ಯಾಟರಿಯೂ ಮುಗಿದು ಎರಡು ಗಂಟೆಗಿಂತ ಹೆಚ್ಚು ಹೀರುವುದು ನಿಂತರೆ ಸ್ಪಂಜು ತೆಗೆದು ಸಾದಾ ಡ್ರೆಸ್ಸಿಂಗ್ ಹಾಕಿ. ನಿಂತ ಸ್ಪಂಜು ಗಾಯಕ್ಕೆ ಕಟ್ಟಿದ ಒದ್ದೆ ಕೊಳೆಬಟ್ಟೆ, ಅಷ್ಟೇ.

ಎರಡು ಮೂರು ದಿನಕ್ಕೊಮ್ಮೆ ಬದಲಾಯಿಸಿದೆವು. ಒಣ ಸ್ಪಂಜನ್ನು ಕೀಳುವ ನೋವು ವಿಪರೀತ. ಮೊದಲೇ ನೋವಿನ ಔಷಧಿ ಕೊಟ್ಟು, ಹೀರುವುದನ್ನು ನಿಲ್ಲಿಸಿ, ನಳಿಕೆಯಲ್ಲೇ ಸಲೈನ್ ಬಿಟ್ಟು ನೆನೆಸಿದರೆ ಸ್ಪಂಜು ಸಲೀಸಾಗಿ ಬಿಡುತ್ತದೆ. ಮಾಂಸ ಬಸಳೆ ಹಣ್ಣಿನಂತೆ ಕಪ್ಪಗಿರದೆ ಹೊಳೆಯುವ ಕೆಂಪಿಗೆ ಬಂದಿದೆಯೇ, ಮುಟ್ಟಿದರೆ ಸಣ್ಣ ಸಣ್ಣ ರಕ್ತದ ಚುಕ್ಕೆ ಮೂಡುತ್ತವೆಯೇ ಎಂದು ಪ್ರತಿ ಸಲ ನೋಡಿದೆ. ಊಟಕ್ಕೆ ಮೊಟ್ಟೆ, ಬೇಳೆ, ಮೀನು ಹೆಚ್ಚು ಕೊಡಿಸಿದೆ. ಎಲೆಅಡಿಕೆಯ ಜೊತೆಗಿನ ಹೊಗೆಸೊಪ್ಪನ್ನು ಬಿಡಿಸಲು ಅವರ ಹೆಂಡತಿಯ ನೆರವು ಬೇಕಾಯಿತು. ಸೂಕ್ಷ್ಮ ರಕ್ತನಾಳಗಳನ್ನು ಹಿಂಡುವ ನಿಕೋಟಿನ್ ಇರುವಾಗ ಎಂಥ ಮೆಷಿನ್ ಇಟ್ಟರೂ ಸಾಲದು.

ಈ ಡ್ರೆಸ್ಸಿಂಗ್ ಇಲ್ಲದಿದ್ದರೆ ಕಾಲೇ ಹೋಗುತ್ತಿತ್ತು ಎಂದು ನಾನು ಹೇಳುವುದಿಲ್ಲ. ಕಾಲಿನ ಗಂಭೀರ ತೆರೆದ ಮೂಳೆಮುರಿತಗಳ ಬಗ್ಗೆ 2018ರಲ್ಲಿ ಪ್ರಕಟವಾದ ಬ್ರಿಟನ್ನಿನ ಅಧ್ಯಯನದಲ್ಲಿ, ವರ್ಷದ ಕೊನೆಗೆ ವ್ಯಾಕ್ ಹಾಕಿದವರಿಗೂ ಸಾದಾ ಡ್ರೆಸ್ಸಿಂಗಿನವರಿಗೂ ಹೇಳಿಕೊಳ್ಳುವ ವ್ಯತ್ಯಾಸ ಕಾಣಲಿಲ್ಲ. ಆದರೆ ಇಷ್ಟು ಅಗಲದ, ನೀರು ಒಸರುವ ಗಾಯದಲ್ಲಿ ದಿನಕ್ಕೆರಡು ಬಾರಿ ಬಟ್ಟೆ ಬದಲಿಸುವ ಹಿಂಸೆ ತಪ್ಪುತ್ತದೆ, ಹಾಸಿಗೆ ಒದ್ದೆಯಾಗುವುದಿಲ್ಲ, ರೋಗಿ ನಿದ್ದೆ ಮಾಡುತ್ತಾರೆ. ನಾನು ಇದನ್ನು ಬಳಸುವುದು ಅದಕ್ಕಾಗಿ. ಪೊರೆ ಕಿತ್ತುಹೋದ ಬರಿಯ ಮೂಳೆ ಕಾಣುತ್ತಿದ್ದರೆ ಮಾತ್ರ ವ್ಯಾಕ್ ನಂಬಿ ದಿನ ಕಳೆಯದೆ, ಬೇಗ ಪ್ಲಾಸ್ಟಿಕ್ ಸರ್ಜನ್‌ರಿಂದ ಫ್ಲಾಪ್ (ರಕ್ತ ಹರಿಯುವ ಚರ್ಮ, ಮಾಂಸವನ್ನು ತಂದು ಮುಚ್ಚುವುದು) ಮಾಡಿಸಬೇಕು.

ಇವರಿಗೆ ಆ ಅಗತ್ಯ ಬೀಳಲಿಲ್ಲ. ಮಾಂಸ ಸಮತಟ್ಟಾದ ಮೇಲೆ ತೊಡೆಯ ತೆಳು ಚರ್ಮ ತೆಗೆದು ಕಸಿ ಮಾಡಿ, ಅದರ ಮೇಲೆ ವ್ಯಾಸಲೀನ್ ಗಾಜ್ ಹಾಸಿ, ಒತ್ತಡ ಇಳಿಸಿ ಮತ್ತೆ ವ್ಯಾಕ್ ಕೂರಿಸಿದೆ. ಐದನೆಯ ದಿನ ಬಿಚ್ಚಿದಾಗ ಹರಡಿನ ಬಳಿಯ ಸಣ್ಣ ಜಾಗ ಬಿಟ್ಟು ಉಳಿದದ್ದೆಲ್ಲ ಹಿಡಿದಿತ್ತು. ಆ ಜಾಗ ಸಾದಾ ಡ್ರೆಸ್ಸಿಂಗಿನಲ್ಲೇ ಮಾಯಿತು. ಮನೆಗೆ ಹೋಗುವಾಗ ದಿನಾ ಕೊಬ್ಬರಿ ಎಣ್ಣೆ ಹಚ್ಚಲು, ನಡೆಯುವಾಗ ಕ್ರೇಪ್ ಬ್ಯಾಂಡೇಜ್ ಕಟ್ಟಲು, ಆ ಮಳೆಗಾಲ ಮುಗಿಯುವವರೆಗೆ ಗದ್ದೆಗೆ ಇಳಿಯದಿರಲು ಹೇಳಿ ಕಳಿಸಿದೆ.