ನಾಲ್ಕನೇ ಮೇಲ್‌ನಲ್ಲಿ ಕೇಳಿದ ಲಿಂಕ್: ನನ್ನ ಅನುಭವ

ಒಂದು ಬ್ರ್ಯಾಂಡ್‌ನ ಸೈಟು ಗೂಗಲ್ ಹುಡುಕಾಟದಲ್ಲಿ ಮೇಲೆ ಬರಲೆಂದು ಬೇರೆಯವರ ಬ್ಲಾಗ್‌ಗಳಿಂದ ಅದಕ್ಕೆ ಲಿಂಕ್ ದೊರಕಿಸುವುದು ನನ್ನ ಕೆಲಸ. ವರ್ಷವಿಡೀ ಬರೀ 40 ಬ್ಲಾಗರ್‌ಗಳ ಜೊತೆ ಕೆಲಸ ಮಾಡುತ್ತೇನೆ, ಮೊದಲ 3 ಮೇಲ್‌ಗಳಲ್ಲಿ ಏನನ್ನೂ ಕೇಳುವುದಿಲ್ಲ ಎಂದಾಗ ಎಸ್‌ಇಒ (ಹುಡುಕಾಟದಲ್ಲಿ ಸೈಟನ್ನು ಮೇಲೆ ತರುವ ಕೆಲಸ) ಮಾಡುವ ಗೆಳೆಯರು ಯಾರೂ ಒಪ್ಪಲಿಲ್ಲ. ವಾರಕ್ಕೆ 500 ಮೇಲ್ ಕಳಿಸಿದರೂ ಲಿಂಕ್ ಹುಟ್ಟುವುದಿಲ್ಲ, 40 ಜನರಿಂದ ಎಲ್ಲಿ ಹುಟ್ಟುತ್ತದೆ ಅನ್ನುವುದು ಅವರ ಲೆಕ್ಕ. ಈಗ 14 ತಿಂಗಳಾಯಿತು. ಆ 40ರಲ್ಲಿ 26-27 ಜನ ಲಿಂಕ್ ಕೊಟ್ಟಿದ್ದಾರೆ. ಅವರನ್ನು ಓದುವ ಬೇರೆ ಬ್ಲಾಗರ್‌ಗಳು ಕೇಳದೆಯೇ ಕೊಟ್ಟದ್ದು ಇನ್ನೊಂದು 35ರ ಆಸುಪಾಸು. ದುಡ್ಡು ಕೊಟ್ಟು ತಂದದ್ದು ಒಂದೂ ಇಲ್ಲ.

ಬ್ರ್ಯಾಂಡ್ ಸೈಕಲ್ ಟೈರು, ಟ್ಯೂಬುಗಳದ್ದು. ಪೈಪೋಟಿ ಜೋರಿರುವ, ಲಾಭದ ಅಂಚು ತೆಳ್ಳಗಿರುವ ವಿಭಾಗ. ಆದ್ದರಿಂದ ವ್ಯರ್ಥವಾದ ಖರ್ಚು ಬೇಗ ಕಣ್ಣಿಗೆ ಬೀಳುತ್ತದೆ. ಮೊದಲು ಆ ವ್ಯರ್ಥದ ಲೆಕ್ಕವನ್ನೇ ಹೇಳಿಬಿಡುತ್ತೇನೆ.

ಮೊದಲ ವರ್ಷದ ಬಜೆಟ್‌ನಲ್ಲಿ ಹೆಚ್ಚೂ ಕಡಿಮೆ ನೂರಕ್ಕೆ 70 ಪಾಲು ಗೆಸ್ಟ್ ಪೋಸ್ಟ್ ಪ್ಯಾಕೇಜ್‌ಗಳಿಗೆ (ದುಡ್ಡು ಕೊಟ್ಟು ಬೇರೆ ಸೈಟುಗಳಲ್ಲಿ ನಮ್ಮ ಲಿಂಕ್ ಇರುವ ಲೇಖನ ಹಾಕಿಸುವುದು) ಹೋಯಿತು. ಬಂದದ್ದು 24 ಲಿಂಕ್. ಎಂಟು ತಿಂಗಳು ಕಳೆಯುವಷ್ಟರಲ್ಲಿ ಅರ್ಧದಷ್ಟು ಪುಟಗಳು ಗೂಗಲ್‌ನ ಇಂಡೆಕ್ಸ್‌ನಲ್ಲೇ (ಹುಡುಕಾಟಕ್ಕೆ ಸಿಗುವ ಪುಟಗಳ ಪಟ್ಟಿ) ಇರಲಿಲ್ಲ, ಕೆಲವು ಸೈಟುಗಳಂತೂ ಪೂರ್ತಿ ಮುಚ್ಚಿದ್ದವು. ಉಳಿದವುಗಳಿಂದ ರ‍್ಯಾಂಕ್ ಅಲುಗಲಿಲ್ಲ. ಇದರಲ್ಲಿ ನೋವಿನ ಸಂಗತಿ ಏನೆಂದರೆ ಸಾಮಾನ್ಯವಾಗಿ ಶಿಕ್ಷೆಯೂ ಬರುವುದಿಲ್ಲ. 2012ರಲ್ಲಿ ಕೆಟ್ಟ ಲಿಂಕ್ ಹಿಡಿಯಲು ಗೂಗಲ್‌ನ ಪೆಂಗ್ವಿನ್ ಎಂಬ ವ್ಯವಸ್ಥೆ ಬಂದಾಗ ಕೆಟ್ಟ ಲಿಂಕ್‌ಗಳಿಂದ ಸೈಟು ಕೆಳಗೆ ಬೀಳುತ್ತಿತ್ತು, ತಪ್ಪು ಗೊತ್ತಾಗುತ್ತಿತ್ತು. 2016ರ ಸೆಪ್ಟೆಂಬರ್‌ನಲ್ಲಿ ಪೆಂಗ್ವಿನ್ ಗೂಗಲ್‌ನ ಮೂಲ ಅಲ್ಗಾರಿದಮ್‌ಗೆ ಸೇರಿದ ಮೇಲೆ ಅಂಥ ಲಿಂಕ್‌ಗಳ ತೂಕವನ್ನು ಸುಮ್ಮನೆ ತೆಗೆದುಹಾಕುತ್ತದೆ. 2022ರ ಡಿಸೆಂಬರ್‌ನಿಂದ ಗೂಗಲ್‌ನ ಸ್ಪ್ಯಾಮ್ ಪತ್ತೆಯ ಎಐ ಆದ ಸ್ಪ್ಯಾಮ್‌ಬ್ರೇನ್ ಸಹ ಅದೇ ಕೆಲಸ ಮಾಡುತ್ತಿದೆ. ಸರ್ಚ್ ಕನ್ಸೋಲ್‌ನಲ್ಲಿ (ಸೈಟಿನವರಿಗೆ ಗೂಗಲ್ ವರದಿ ತೋರಿಸುವ ತಾಣ) ಒಂದು ಸಾಲಿನ ಸೂಚನೆಯೂ ಇಲ್ಲ. ಕೊಟ್ಟ ದುಡ್ಡು ಸೊನ್ನೆಯಾಗಿದೆ ಎಂದು ತಿಳಿಯಲು ನನಗೆ ಹತ್ತಿರ ಹತ್ತಿರ ಒಂದು ವರ್ಷ ಬೇಕಾಯಿತು. ಮ್ಯಾನ್ಯುಯಲ್ ಆಕ್ಷನ್ (ಗೂಗಲ್‌ನವರು ಕೈಯಾರೆ ಹಾಕುವ ಶಿಕ್ಷೆ) ಇರದ ಕಾರಣ ಡಿಸ್‌ಅವೌ ಫೈಲ್ (ಈ ಲಿಂಕ್‌ಗಳನ್ನು ಎಣಿಸಬೇಡಿ ಎಂದು ಗೂಗಲ್‌ಗೆ ಕೊಡುವ ಪಟ್ಟಿ) ಹಾಕಲು ಹೋಗಲಿಲ್ಲ, ಈಗಲೂ ಹಾಕಿಲ್ಲ.

ಅಂಥ ಸೈಟುಗಳನ್ನು ಈಗ ಎರಡು ನಿಮಿಷದಲ್ಲಿ ಗುರುತಿಸುತ್ತೇನೆ. ಸೈಟಿನ ಬಲ ಸೂಚಿಸುವ ಡಿಆರ್, ಡಿಎ ಅಂಕಗಳನ್ನು ನೋಡುವುದೇ ಇಲ್ಲ. ಅವು ಟೂಲ್ ಕಂಪನಿಗಳ ಅಂದಾಜು, ಗೂಗಲ್ ಬಳಸುವ ಅಳತೆಯಲ್ಲ, ಉಬ್ಬಿಸುವುದೂ ಸುಲಭ. ಇತ್ತೀಚಿನ 20 ಪೋಸ್ಟ್ ತೆರೆದು ಹೊರಹೋಗುವ ಲಿಂಕ್ ಎಣಿಸಿ. ಪ್ರತಿ ಪೋಸ್ಟ್‌ನಲ್ಲೂ ಒಂದೇ ಒಂದು ಹೊರಲಿಂಕ್, ಅದೂ ಕೀವರ್ಡ್ (ಜನ ಹುಡುಕುವ ಪದ) ತುರುಕಿದ ಆಂಕರ್ (ಲಿಂಕ್ ಅಂಟಿಸಿದ ಪದಗಳು), ಹೋಗುವುದು ಮಾರಾಟದ ಪುಟಕ್ಕೆ ಅಂತಾದರೆ ಅದು ಲಿಂಕ್ ಮಾರುವ ಅಂಗಡಿ. ಸೈಕಲ್ ವಿಷಯದ ಪಕ್ಕದಲ್ಲೇ ಸಾಲ, ಜೂಜು, ಔಷಧಿ ಕಂಡರೆ ನೋಡಬೇಕಾದ್ದೇನೂ ಉಳಿದಿಲ್ಲ.

ಎರಡನೇ ಸೋಲು ಸಾಮೂಹಿಕ ಮೇಲ್. ಸುಮಾರು 1,100 ಕಳಿಸಿದ್ದೆವು. ಉತ್ತರ 30ರಷ್ಟು, ಅದರಲ್ಲಿ 20ಕ್ಕೂ ಹೆಚ್ಚು ದರಪಟ್ಟಿಗಳೇ. ನಿಜವಾದ ಲಿಂಕ್ 4. ಲಿಂಕ್ ಸಿಗದಿದ್ದುದಕ್ಕಿಂತ ದೊಡ್ಡ ನಷ್ಟ ಬೇರೆಯೇ: ಅವನ್ನು ಕಳಿಸಿದ್ದು ಬ್ರ್ಯಾಂಡ್‌ನ ಮುಖ್ಯ ಡೊಮೇನ್‌ನಿಂದ. ಜನ ಸ್ಪ್ಯಾಮ್ ಬಟನ್ ಒತ್ತಿದರು, ಡೊಮೇನ್‌ನ ಹೆಸರು ಕೆಟ್ಟಿತು, ಗ್ರಾಹಕರಿಗೆ ಹೋಗಬೇಕಾದ ಆರ್ಡರ್ ಮೇಲ್‌ಗಳೂ ಸ್ಪ್ಯಾಮ್ ಫೋಲ್ಡರ್ ಸೇರತೊಡಗಿದವು. 2024ರ ಫೆಬ್ರವರಿಯಿಂದ ಜಿಮೇಲ್ ನಿಯಮ ಬಿಗಿಯಾಗಿದೆ. ದಿನಕ್ಕೆ 5,000ಕ್ಕಿಂತ ಹೆಚ್ಚು ಕಳಿಸುವವರಿಗೆ ಮೇಲ್ ನಿಜಕ್ಕೂ ಆ ಡೊಮೇನ್‌ನದೇ ಎಂದು ತೋರಿಸುವ ಎಸ್‌ಪಿಎಫ್, ಡಿಕೆಐಎಂ, ಡಿಮಾರ್ಕ್ ಮೂರೂ ಕಡ್ಡಾಯ. ಸ್ಪ್ಯಾಮ್ ದೂರು ಶೇಕಡಾ 0.3 ಮುಟ್ಟಬಾರದು, 0.1ರೊಳಗೆ ಇಟ್ಟುಕೊಳ್ಳಿ ಎನ್ನುತ್ತದೆ. ನಮ್ಮ ಸಂಖ್ಯೆ ಅಷ್ಟಿರಲಿಲ್ಲ, ಆದರೂ ಏಟು ಬಿತ್ತು. 1,000 ಮೇಲ್‌ಗೆ ಮೂವರು ಬಟನ್ ಒತ್ತಿದರೆ ಸಾಕು, ಮಿತಿ ಮುಟ್ಟಿದಂತೆ. ಇನ್ನೊಂದು ತಪ್ಪು, ಔಟ್‌ರೀಚ್ ಟೂಲ್‌ನ (ಸಾಮೂಹಿಕ ಮೇಲ್ ಕಳಿಸುವ ಸಾಫ್ಟ್‌ವೇರ್) ಟ್ರ್ಯಾಕಿಂಗ್ ಪಿಕ್ಸೆಲ್ (ಮೇಲ್ ತೆರೆದದ್ದನ್ನು ತಿಳಿಸುವ ಕಾಣದ ಚಿತ್ರ) ಹಾಗೂ ಲಿಂಕ್ ಸುತ್ತುವಿಕೆಯನ್ನು (ಕ್ಲಿಕ್ ಎಣಿಸಲು ಲಿಂಕನ್ನು ಟೂಲ್‌ನ ವಿಳಾಸದ ಮೂಲಕ ಹಾಯಿಸುವುದು) ಹಾಗೇ ಬಿಟ್ಟದ್ದು. ಆ ಟೂಲ್‌ನ ಎಷ್ಟೋ ಗ್ರಾಹಕರು ಹಂಚಿಕೊಂಡ ಟ್ರ್ಯಾಕಿಂಗ್ ಡೊಮೇನ್ ಅದು, ಅವರ ಪಾಪದಲ್ಲೂ ಪಾಲು ಬರುತ್ತದೆ. ಈಗ ಟೂಲ್ ಇಲ್ಲ, ಪಿಕ್ಸೆಲ್ ಇಲ್ಲ. ಸಾದಾ ಅಕ್ಷರದ ಮೇಲ್, ಕೈಯಲ್ಲಿ ಟೈಪ್ ಮಾಡಿದ್ದು.

ಇನ್ನು ಫಲ ಕೊಟ್ಟ ದಾರಿ.

40 ಜನರ ಪಟ್ಟಿ ಮಾಡಲು ಪೂರಾ ಮೂರು ವಾರ ಹಿಡಿಯಿತು, ಸುಮಾರು 300 ಬ್ಲಾಗ್ ನೋಡಿ ಸೋಸಿದ್ದು. ಒರೆಗಲ್ಲು ನಾಲ್ಕು. ಕಳೆದ 60 ದಿನದಲ್ಲಿ ಹೊಸದೇನಾದರೂ ಬರೆದಿರಬೇಕು. ಕಮೆಂಟಿಗೆ ಅವರೇ ಉತ್ತರಿಸುತ್ತಿರಬೇಕು. ಬೇರೆಯವರ ಪುಟಗಳಿಗೆ, ಮಾರಾಟಗಾರರಲ್ಲದವರಿಗೂ, ಸಹಜವಾಗಿ ಲಿಂಕ್ ಕೊಡುವ ಅಭ್ಯಾಸ ಇರಬೇಕು. ನಾಲ್ಕನೆಯದು, ಬರೆಯುವವರು ಒಬ್ಬರೇ ಇದ್ದರೆ ಒಳ್ಳೆಯದು. ತಂಡವಿದ್ದರೆ ಕಳಿಸಿದ ಮೇಲ್ ಯಾರ ಪೆಟ್ಟಿಗೆಯಲ್ಲಿ ಸತ್ತಿತು ಎಂದೂ ತಿಳಿಯುವುದಿಲ್ಲ. ಮೂರನೇ ಒರೆಗೆ ನಿಂತವರು ಕಡಿಮೆ, ಅದಕ್ಕೇ 300 ಎಂಬುದು 40ಕ್ಕೆ ಇಳಿದದ್ದು. ದಟ್ಟಣೆ ಎಷ್ಟು ಎಂದು ನೋಡಲಿಲ್ಲ. ತಿಂಗಳಿಗೆ 400 ಓದುಗರಿರುವ ಬ್ಲಾಗಿನಿಂದ ಬಂದ ಲಿಂಕ್‌ನ ಹಿಂದೆಯೇ ಇನ್ನೂ ಐದು ಬಂದವು, ಏಕೆಂದರೆ ಆ 400 ಜನರಲ್ಲಿ ಬರೆಯುವವರೇ ಹೆಚ್ಚು. ಇಂಥವರನ್ನು ಹುಡುಕಲು ಗೂಗಲ್ ಫಲಿತಾಂಶವನ್ನು ಸೋಸುವ ಇನ್‌ಟೈಟಲ್, ಇನ್‌ಯುಆರ್‌ಎಲ್, ಮೈನಸ್ ಚಿಹ್ನೆ ಸೇರಿಸಿ ಕಟ್ಟಿದ ಒಂದು ಹುಡುಕಾಟದ ಸಾಲು ನನ್ನಲ್ಲಿದೆ. ಅದನ್ನು ಇಲ್ಲಿ ಬರೆಯುವುದಿಲ್ಲ. ಅದನ್ನು ಕಟ್ಟಲು ನನಗೆ ಹಿಡಿದ ದಿನಗಳ ಬೆಲೆ ನನಗೆ ಗೊತ್ತು.

ಸ್ಪ್ರೆಡ್‌ಶೀಟ್‌ನಲ್ಲಿ ಕಾಲಂಗಳು ಕಡಿಮೆ: ಹೆಸರು, ಇತ್ತೀಚಿನ ಪೋಸ್ಟ್, ಅವರು ಕೊಟ್ಟಿರುವ ಸತ್ತ ಲಿಂಕ್‌ಗಳು, ನಾವು ಕೊಟ್ಟದ್ದು, ಅವರು ಕೊಟ್ಟದ್ದು, ಮುಂದಿನ ತಾರೀಖು. "ನಾವು ಕೊಟ್ಟದ್ದು" ಖಾಲಿಯಿದ್ದರೆ ಆ ಸಾಲಿನವರಿಗೆ ಕೇಳುವ ಮೇಲ್ ಹೋಗುವಂತಿಲ್ಲ. ಈ ಒಂದು ಕಟ್ಟುಪಾಡನ್ನು ಎರಡು ಸಲ ಮುರಿದೆ, ಎರಡೂ ಸಲ ಉತ್ತರ ಬರಲಿಲ್ಲ.

ಮೊದಲ ಮೇಲ್ ಬರೀ ದುರಸ್ತಿಯದ್ದು. ಅವರ ಹಳೆಯ ಪೋಸ್ಟ್‌ನಲ್ಲಿ 404 (ಪುಟ ಸಿಗಲಿಲ್ಲ) ಎಂದು ತೋರಿಸುವ ಲಿಂಕ್ ಯಾವ ಪ್ಯಾರಾದಲ್ಲಿದೆ, ಆ ಪುಟ ಎಲ್ಲಿಗೆ ಸ್ಥಳಾಂತರವಾಗಿದೆ ಅಥವಾ ವೇಬ್ಯಾಕ್ ಮಷೀನ್‌ನಲ್ಲಿ (ಹಳೆಯ ವೆಬ್ ಪುಟಗಳ ಸಂಗ್ರಹ) ಯಾವ ದಿನಾಂಕದ ಪ್ರತಿ ಸರಿಯಿದೆ, ಇಷ್ಟು. ಬದಲಿಯಾಗಿ ನಮ್ಮ ಪುಟ ಸೂಚಿಸುವುದೇ ಇಲ್ಲ. ಎಲ್ಲರೂ ಮುಗ್ಗರಿಸುವುದು ಇಲ್ಲೇ: ಬ್ರೋಕನ್ ಲಿಂಕ್ ತೋರಿಸಿ ಮುಂದಿನ ವಾಕ್ಯದಲ್ಲೇ ತಮ್ಮದನ್ನು ಒಡ್ಡುತ್ತಾರೆ. ಅಂಥ ಮೇಲ್ ಬ್ಲಾಗರ್‌ಗಳಿಗೆ ದಿನವೂ ಬರುತ್ತದೆ, ಎರಡನೇ ವಾಕ್ಯ ಓದುವ ಮೊದಲೇ ಅಳಿಸುತ್ತಾರೆ. ಏನನ್ನೂ ಕೇಳದ ಮೇಲ್‌ಗೆ 40ರಲ್ಲಿ 29 ಜನ ಉತ್ತರಿಸಿದರು.

ಎರಡನೆಯದು ಎರಡು ಮೂರು ವಾರ ಬಿಟ್ಟು, ಅವರು ಹೊಸದು ಬರೆದ ಮೇಲೆ. ಹೊಗಳಿಕೆ ಬೇಡ. ಅವರು ಬರೆದದ್ದರಲ್ಲಿ ಒಂದು ನಿರ್ದಿಷ್ಟ ಅಂಶಕ್ಕೆ ನಮ್ಮಲ್ಲಿರುವ ಮಾಹಿತಿಯನ್ನು ಸೇರಿಸಿ ಬರೆಯುತ್ತೇನೆ. ಟ್ಯೂಬ್‌ಲೆಸ್ ಟೈರ್‌ನ ಗಾಳಿ ಇಳಿಯುವ ಬಗ್ಗೆ ಬರೆದವರಿಗೆ ನಮ್ಮ ಕಾರ್ಯಾಗಾರದಲ್ಲಿ ಅಳೆದ ಸಂಖ್ಯೆಗಳು ಹೋದವು. ಮೂರನೆಯದು ಕೈಗೆ ಕೊಡುವಂಥದ್ದು: ಅವರೇ ಬಳಸಬಹುದಾದ ಚಿತ್ರ, ಪಟ್ಟಿ, ಅಥವಾ ನಮ್ಮ ಪುಟದಿಂದ ಅವರ ಲೇಖನಕ್ಕೆ ಕೊಟ್ಟ ಲಿಂಕ್‌ನ ಸುದ್ದಿ. ವಿನಿಮಯದ ಮಾತು ಎತ್ತಬಾರದು. ನೀನು ಕೊಟ್ಟರೆ ನಾನು ಕೊಡುತ್ತೇನೆ ಎಂಬ ಲಿಂಕ್ ವಿನಿಮಯ ಅತಿಯಾದರೆ ಗೂಗಲ್‌ನ ಸ್ಪ್ಯಾಮ್ ನೀತಿಗೇ ವಿರುದ್ಧ, ಮೇಲಾಗಿ ಸಂಬಂಧ ಅಲ್ಲಿಗೇ ವ್ಯಾಪಾರವಾಗಿ ನಿಲ್ಲುತ್ತದೆ.

ನಾಲ್ಕನೆಯದರಲ್ಲಿ ಕೇಳುತ್ತೇನೆ, ಅದೂ ನೇರವಾಗಿ. ಸುಮಾರು 90 ಪದ. ನಿಮ್ಮ ಈ ಪೋಸ್ಟ್, ಈ ಪ್ಯಾರಾ, ಓದುಗರು ಕಮೆಂಟ್‌ನಲ್ಲಿ ಇದನ್ನೇ ಮತ್ತೆ ಮತ್ತೆ ಕೇಳಿದ್ದಾರೆ, ನಮ್ಮ ಈ ಪುಟದಲ್ಲಿ ಉತ್ತರವಿದೆ, ಸರಿಯೆನಿಸಿದರೆ ಸೇರಿಸಿ. ಯಾವ ಆಂಕರ್ ಬೇಕೆಂದು ಒಮ್ಮೆಯೂ ಹೇಳಿಲ್ಲ. ಹೇಳದಿದ್ದುದಕ್ಕೇ ಬ್ರ್ಯಾಂಡ್ ಹೆಸರು, ಬರೀ ವಿಳಾಸ, "ಈ ಪಟ್ಟಿ ನೋಡಿ" ಎಂದೆಲ್ಲ ತರತರದಲ್ಲಿ ಬಂದಿವೆ. ಮನುಷ್ಯರು ಬರೆದರೆ ಆಂಕರ್ ಇರುವುದೇ ಹಾಗೆ. ಉತ್ತರ ಬರದಿದ್ದರೆ 8-10 ದಿನ ಬಿಟ್ಟು ಒಂದೇ ಒಂದು ನೆನಪೋಲೆ. ಎರಡನೇ ನೆನಪೋಲೆಯಿಂದ ಸಿಕ್ಕ ಲಿಂಕ್ ಸೊನ್ನೆ.

ಲಿಂಕ್ ಯಾವ ಪುಟಕ್ಕೆ ಅನ್ನುವುದರಲ್ಲಿ ಅರ್ಧ ಗೆಲುವಿದೆ. ಮಾರಾಟದ ಪುಟಕ್ಕೆ ಯಾರೂ ಮನಸಾರೆ ಲಿಂಕ್ ಕೊಡುವುದಿಲ್ಲ. ನಾವು ಮಾಡಿದ್ದು ಟೈರ್ ಅಳತೆಯ ಪಟ್ಟಿ. 26 ಇಂಚು ಎಂದು ಮಾರುವ ಟೈರ್‌ಗಳಲ್ಲೇ ರಿಮ್ ಮೇಲೆ ಕೂರುವ ವ್ಯಾಸ 559, 571, 590, 597 ಮಿಲಿಮೀಟರ್ ಎಂದು ಬೇರೆ ಬೇರೆ. 28 ಇಂಚು ಅಂದರೆ 622 ಇರಬಹುದು, 635 ಕೂಡ ಇರಬಹುದು. 29 ಇಂಚು ಎನ್ನುವುದೂ ಅದೇ 622. 27 ಇಂಚು ಎಂಬುದರದ್ದು 630, ಅಂದರೆ 28ರ 622ಕ್ಕಿಂತ ದೊಡ್ಡದು! ಸೈಕಲ್ ಬ್ಲಾಗ್‌ಗಳ ಕಮೆಂಟ್ ತುಂಬ ಇದೇ ಗೊಂದಲ. ಟೈರ್‌ನ ಬದಿಯಲ್ಲಿ ಅಚ್ಚಾಗಿರುವ 28-622 (ಅಗಲ 28, ವ್ಯಾಸ 622 ಮಿಲಿಮೀಟರ್) ಎಂಬ ಜೋಡಿ ಸಂಖ್ಯೆಯನ್ನು ಓದುವುದು ಹೇಗೆ ಎಂಬುದರಿಂದ ಶುರುಮಾಡಿ, ಪ್ರತಿ ಅಳತೆಗೂ ಹೊಂದುವ ಟ್ಯೂಬ್ ಯಾವುದು ಎಂಬಲ್ಲಿಗೆ ಮುಗಿಸಿದೆವು. ಆ ಪುಟದಿಂದ ನಾಲ್ಕು ಮಾರಾಟದ ಪುಟಗಳಿಗೆ ಮಾತ್ರ ಒಳಲಿಂಕ್. ಮೊದಲು 15 ಕೊಟ್ಟಿದ್ದೆ; ಪುಟ ಕ್ಯಾಟಲಾಗ್‌ನಂತೆ ಕಂಡು ಇಬ್ಬರು ಬ್ಲಾಗರ್‌ಗಳು ಒಲ್ಲೆ ಎಂದರು. ಕಡಿಮೆ ಮಾಡಿ ತೋರಿಸಿದ ಮೇಲೆ ಒಬ್ಬರು ಒಪ್ಪಿದರು.

ದುಡ್ಡು ಈಗ ಎಲ್ಲಿ ಹೋಗುತ್ತದೆ? ಅರ್ಧ ಇಂಥ ಪುಟಗಳನ್ನು ಕಟ್ಟಲು. ಮೂರರಲ್ಲಿ ಒಂದು ಪಾಲು ಬ್ಲಾಗರ್‌ಗಳಿಗೇ, ಆದರೆ ಲಿಂಕ್‌ಗಲ್ಲ, ಕೆಲಸಕ್ಕೆ: ಟೈರ್ ತೂಗುವುದು, ಸವೆತ ಅಳೆಯುವುದು, ಫೋಟೋ ತೆಗೆಯುವುದು. ಫಲಿತಾಂಶ ನಮ್ಮ ಸೈಟಿನಲ್ಲಿ ಅವರ ಹೆಸರಿನಲ್ಲೇ ಬರುತ್ತದೆ, ಅವರು ನಮಗೆ ಲಿಂಕ್ ಕೊಡಬೇಕೆಂಬ ಷರತ್ತಿಲ್ಲ. ಸವೆತ ಬೇಗ ಆಗುತ್ತದೆ ಎಂದು ಒಬ್ಬರು ಬರೆದುಕೊಟ್ಟರು, ಹಾಗೆಯೇ ಪ್ರಕಟಿಸಿದೆವು. ಪಟ್ಟಿಯ ಉಳಿದವರ ನಂಬಿಕೆ ಗಳಿಸಿಕೊಟ್ಟದ್ದು ಆ ಒಂದು ಪುಟ ಎಂದೇ ನನ್ನ ಲೆಕ್ಕ. ಉಚಿತ ಟೈರ್ ಕಳಿಸಿ ವಿಮರ್ಶೆ ಬರೆಸಿದರೆ ಮಾತ್ರ ಆ ಲಿಂಕ್‌ಗೆ ಸ್ಪಾನ್ಸರ್ಡ್ ಅಥವಾ ನೋಫಾಲೋ ಗುರುತು (ಈ ಲಿಂಕನ್ನು ಶಿಫಾರಸಾಗಿ ಎಣಿಸಬೇಡಿ ಎಂದು ಗೂಗಲ್‌ಗೆ ಹೇಳುವುದು) ಹಾಕಿ ಎಂದು ನಾವೇ ಹೇಳುತ್ತೇವೆ. ಬ್ರ್ಯಾಂಡ್‌ನವರಿಗೆ ಇದನ್ನು ಒಪ್ಪಿಸುವುದೇ ಎಲ್ಲಕ್ಕಿಂತ ಕಷ್ಟವಾಯಿತು. ವಸ್ತು ಕೊಟ್ಟು ಪಡೆದ ಲಿಂಕ್ ಸಹ ಗೂಗಲ್ ಲೆಕ್ಕದಲ್ಲಿ ಕೊಂಡದ್ದೇ, ಗುರುತಿಲ್ಲದಿದ್ದರೆ ಬ್ಲಾಗರ್ ಕೂಡ ಸಿಕ್ಕಿಬೀಳಬಹುದು ಎಂದು ವಿವರಿಸಿದ ಮೇಲೆ ದಾರಿಗೆ ಬಂದರು.

ನೋಫಾಲೋ ಎಂದರೆ ವ್ಯರ್ಥ ಅನ್ನುವವರಿಗಾಗಿ ಒಂದು ಪಕ್ಕದ ಪ್ರಯೋಗ ಮಾಡಿದ್ದೆ. 2019ರ ಸೆಪ್ಟೆಂಬರ್‌ನಲ್ಲಿ ಸ್ಪಾನ್ಸರ್ಡ್, ಯುಜಿಸಿ (ಓದುಗರು ಬರೆದದ್ದು) ಗುರುತುಗಳನ್ನು ತಂದಾಗಲೇ ನೋಫಾಲೋ ಇನ್ನು ಆಜ್ಞೆಯಲ್ಲ, ಸುಳಿವು ಮಾತ್ರ ಎಂದು ಗೂಗಲ್ ಹೇಳಿತ್ತು. ರ‍್ಯಾಂಕ್‌ನ ಮಾತು ಬಿಡಿ, ಜನ ಬರುತ್ತಾರೋ ನೋಡೋಣ ಎಂದು ಅಂಥ 6 ಲಿಂಕ್‌ಗಳನ್ನು ಬೇರೆಯಾಗಿ ಗಮನಿಸಿದೆ. ಅವುಗಳಿಂದ ಬಂದವರು ಪುಟದಲ್ಲಿ ಹೆಚ್ಚು ಹೊತ್ತು ನಿಂತರು. ಅವರಲ್ಲೇ ಇಬ್ಬರು ಬ್ಲಾಗರ್‌ಗಳು ಆಮೇಲೆ ಸಾದಾ ಲಿಂಕ್ ಕೊಟ್ಟರು.

ಇನ್ನೊಂದು ಪ್ರಯೋಗ ಚಿತ್ರಗಳದ್ದು. ಅಳತೆಯ ರೇಖಾಚಿತ್ರಗಳನ್ನು ಮೂಲ ಹೆಸರಿಸಿ ಬಳಸಿಕೊಳ್ಳಿ ಎಂದು ಬಿಟ್ಟೆವು. ಆರು ತಿಂಗಳ ನಂತರ ಚಿತ್ರದಿಂದ ಹುಡುಕಿದರೆ ಮೂಲ ಹೇಳದ ಸುಮಾರು 30 ಬಳಕೆಗಳು ಸಿಕ್ಕವು. ಸಂಪರ್ಕ ವಿಳಾಸ ಸಿಕ್ಕ 18 ಜನರಿಗೆ ಮೃದುವಾಗಿ ಬರೆದೆ, 11 ಜನ ಲಿಂಕ್ ಸೇರಿಸಿದರು. ಇಡೀ ಕೆಲಸದಲ್ಲಿ ಗಂಟೆಗೆ ಅತಿ ಹೆಚ್ಚು ಫಲ ಕೊಟ್ಟದ್ದು ಇದೇ. ಆ ಮೇಲ್‌ನ ವಿಷಯದ ಸಾಲು ಯಾವುದೆಂದು ಮಾತ್ರ ಕೇಳಬೇಡಿ. ಕಮೆಂಟ್ ಬರೆದು ಪರಿಚಯ ಬೆಳೆಸುವ ಪ್ರಯೋಗವನ್ನು ಎರಡು ತಿಂಗಳಲ್ಲಿ ಕೈಬಿಟ್ಟೆ, ಮೇಲ್‌ನ ಕಾಲುಭಾಗ ಕೆಲಸವೂ ಅದರಿಂದ ಆಗಲಿಲ್ಲ.

ಮೊದಲ 5 ತಿಂಗಳು ಸರ್ಚ್ ಕನ್ಸೋಲ್‌ನ ಗೆರೆ ಮಲಗಿಯೇ ಇತ್ತು. ನಿಲ್ಲಿಸಿಬಿಡೋಣ ಎಂಬ ಒತ್ತಾಯ ಬಂದದ್ದು ಆಗಲೇ. ಎಂಟನೇ ತಿಂಗಳ ಹೊತ್ತಿಗೆ ಮುಖ್ಯ ಹುಡುಕಾಟಗಳಲ್ಲಿ ಸರಾಸರಿ ಸ್ಥಾನ 30ರ ಆಸುಪಾಸಿನಿಂದ 9ಕ್ಕೆ ಬಂತು, ಈಗ 4-5ರಲ್ಲಿ ನಿಂತಿದೆ. ಅಳತೆಯ ಸರಳ ಪ್ರಶ್ನೆಗಳಿಗೆ ಗೂಗಲ್‌ನ ಎಐ ಓವರ್‌ವ್ಯೂ (ಎಐ ಬರೆದ ಸಾರಾಂಶ) ಮೇಲೆಯೇ ಉತ್ತರ ಹೇಳಿಬಿಡುವುದರಿಂದ ಇಂಪ್ರೆಶನ್ (ಫಲಿತಾಂಶದಲ್ಲಿ ಕಾಣಿಸಿಕೊಂಡ ಸಂಖ್ಯೆ) ಏರಿದಷ್ಟು ಕ್ಲಿಕ್ ಏರಿಲ್ಲ; ಸರ್ಚ್ ಕನ್ಸೋಲ್‌ನ ಒಟ್ಟು ಸಂಖ್ಯೆಯಲ್ಲಿ ಅದೂ ಸೇರಿಹೋಗುತ್ತದೆ. ಬ್ಲಾಗ್‌ಗಳಿಂದ ನೇರ ಬರುವವರ ಮೇಲೆ ಇದರ ನೆರಳು ಬಿದ್ದಿಲ್ಲ. ಅವರು ಹುಡುಕಾಟದಿಂದ ಬರುವವರಿಗಿಂತ ಹತ್ತಿರ ಹತ್ತಿರ ಎರಡು ಪಟ್ಟು ಕೊಳ್ಳುತ್ತಾರೆ.

ಸರ್ಚ್ ಕನ್ಸೋಲ್‌ನಲ್ಲಿ ಹಿಂದಿನ 16 ತಿಂಗಳ ದತ್ತಾಂಶ ಮಾತ್ರ ಸಿಗುವುದರಿಂದ ಪ್ರತಿ ತಿಂಗಳೂ ಇಳಿಸಿಕೊಂಡು ಇಡುತ್ತಿದ್ದೇನೆ. ಅದರ ಲಿಂಕ್ ವರದಿ ಪೂರ್ತಿಯಲ್ಲ, ಮಾದರಿ ಮಾತ್ರ. ಆದ್ದರಿಂದ ಕೈಯಾರೆ ಮಾಡಿದ ಪಟ್ಟಿಯೇ ನನಗೆ ಪ್ರಮಾಣ. ಮೂರು ತಿಂಗಳಿಗೊಮ್ಮೆ ಆ 60 ಚಿಲ್ಲರೆ ಲಿಂಕ್‌ಗಳನ್ನೂ ತೆರೆದು ನೋಡುತ್ತೇನೆ. ಕಳೆದ ಸಲ 5 ಕಾಣೆಯಾಗಿದ್ದವು. ಮೂರು ಬ್ಲಾಗ್‌ಗಳು ಹೊಸ ಡೊಮೇನ್‌ಗೆ ಹೋಗುವಾಗ ಹಳೆಯ ಪೋಸ್ಟ್‌ಗಳಿಗೆ 301 (ಹಳೆಯ ವಿಳಾಸದಿಂದ ಹೊಸದಕ್ಕೆ ತಾನಾಗಿ ಕಳಿಸುವ ಏರ್ಪಾಡು) ಹಾಕಿರಲಿಲ್ಲ. ಅವರ ಸತ್ತ ವಿಳಾಸಗಳನ್ನೆಲ್ಲ, ನಮಗೆ ಸಂಬಂಧಿಸಿದ್ದಷ್ಟೇ ಅಲ್ಲ, ಹೊಸ ವಿಳಾಸದ ಜೋಡಿಯೊಂದಿಗೆ ಸ್ಪ್ರೆಡ್‌ಶೀಟ್ ಮಾಡಿ ಕಳಿಸಿದೆ. ಇಬ್ಬರು ಅದೇ ವಾರ ಸರಿಪಡಿಸಿದರು. ಮೂರನೆಯವರಿಗೆ ಬರುವ ವಾರ ನೆನಪೋಲೆ ಹೋಗುತ್ತದೆ.