ಉದ್ಯಮಬಾಗದ ಶಾಪ್‌ಫ್ಲೋರ್, ಹೆಡ್‌ಸೆಟ್ ಒಳಗೆ: ನನ್ನ ಅನುಭವ

ವಿಆರ್ (ವರ್ಚುವಲ್ ರಿಯಾಲಿಟಿ) ಹೆಡ್‌ಸೆಟ್, ಅಂದರೆ ಕಣ್ಣಿಗೆ ಕಟ್ಟಿಕೊಂಡರೆ ಬೇರೆ ಜಾಗದಲ್ಲೇ ಇದ್ದ ಹಾಗೆ ತೋರಿಸುವ ಸಾಧನ, ಹಾಕಿದರೆ ಡಿಪ್ರೆಷನ್ ಹೋಗುತ್ತಾ ಅಂತ ಎಲ್ಲರೂ ಕೇಳುತ್ತಾರೆ. ಹೋಗಲ್ಲ. ಗುಳಿಗೆ ಬೇಕಾದವರಿಗೆ ಗುಳಿಗೆ ಬೇಕೇ ಬೇಕು. ಆದರೆ ಚಿಕಿತ್ಸೆ ನಡೆಯುವಾಗಲೂ ಮನುಷ್ಯ ಬೆಳಗ್ಗೆ ಎದ್ದು ಡ್ಯೂಟಿಗೆ ಹೋಗಬೇಕಲ್ಲ, ಅಲ್ಲಿ ಎಂಟು ತಾಸು ಕಳೆಯಬೇಕಲ್ಲ, ನಾನು ಹೆಡ್‌ಸೆಟ್ ಬಳಸುವುದು ಅದಕ್ಕೆ.

ನಾನು ಸೈಕಾಲಜಿಸ್ಟ್. ಬೆಳಗಾವಿಯ ಉದ್ಯಮಬಾಗದಲ್ಲಿ ಒಂದು ಮಷಿನ್ ಶಾಪ್‌ಗೆ ಕೌನ್ಸೆಲಿಂಗ್‌ಗೆ ಹೋಗುತ್ತೇನೆ. ಫೌಂಡ್ರಿಯಿಂದ ಬಂದ ಕಾಸ್ಟಿಂಗ್‌ಗಳನ್ನು (ಎರಕದ ಲೋಹದ ತುಂಡುಗಳನ್ನು) ಕಂಪ್ಯೂಟರ್ ನಡೆಸುವ ಸಿಎನ್‌ಸಿ ಮಷಿನ್‌ಗೆ ಹಾಕಿ, ಅಳತೆ ನೋಡಿ ಕಳಿಸುವ ಜಾಗ. ಕೈಗೆ ಕೆಲಸ ಗೊತ್ತಿರುತ್ತದೆ, ಅದರ ಬಗ್ಗೆ ಯಾರೂ ದೂರುವುದಿಲ್ಲ. ಕಷ್ಟ ಇರುವುದು ಗೇಟಿನಲ್ಲಿ ಪಂಚ್ ಮಾಡಿ ಒಳಗೆ ಕಾಲಿಡುವಾಗ, ಪಾಳಿ ಬದಲಾಗುವ ಹೊತ್ತಿನ ಮೀಟಿಂಗ್‌ನಲ್ಲಿ, ಪೀಸ್ ಯಾಕೆ ಕೆಟ್ಟಿತು ಅಂತ ಎಲ್ಲರ ಎದುರು ಕೇಳಿದಾಗ. "ಗೇಟ್ ತನಕಾ ಬರ್ತೀನ್ರಿ ಮೇಡಂ, ಆಮ್ಯಾಲ ಗಾಡಿ ಹೊಳ್ಳಸ್ತೀನಿ" ಅಂದಿದ್ದರು ಒಬ್ಬರು.

ರೆಡಿ ಸಿಗುವ ವಿಆರ್ ಆ್ಯಪ್‌ಗಳಲ್ಲಿ ಸಮುದ್ರ ದಂಡೆ, ಕಾಡು, ಜಲಪಾತ. ಹತ್ತು ನಿಮಿಷ ಆರಾಮ ಅನಿಸುತ್ತದೆ, ತೆಗೆದರೆ ಮತ್ತೆ ಅದೇ ಗೇಟು. ಹಾಗಾಗಿ 360 ಡಿಗ್ರಿ ಕ್ಯಾಮೆರಾ ತಂದು ಅವರದೇ ಶಾಪ್ ಶೂಟ್ ಮಾಡಿದೆವು. ಕ್ಯಾಮೆರಾ ಆಪರೇಟರ್ ಕಣ್ಣಿನ ಎತ್ತರಕ್ಕೇ ಇರಬೇಕು, ಅದಕ್ಕಿಂತ ಕೆಳಗಿದ್ದರೆ ಹೆಡ್‌ಸೆಟ್ ಹಾಕಿದವರಿಗೆ ತಾವು ಕುಳ್ಳಗಾದ ಹಾಗೆ ಅನಿಸುತ್ತದೆ. ಕಂಪ್ರೆಸರ್ ಸದ್ದು, ಹಿಂದೆ ಯಾರೋ ಕನ್ನಡ ಮರಾಠಿ ಕಲಸಿ ಕೂಗುವುದು, ಎಲ್ಲ ಹಾಗೇ ಬಿಟ್ಟೆವು. ಸೂಪರ್‌ವೈಸರ್ ಪಾತ್ರವನ್ನು ಬೇರೆ ವಿಭಾಗದ ಒಬ್ಬರು ಮಾಡಿದರು, ಸ್ವಲ್ಪ ಜಾಸ್ತಿಯೇ ಖುಷಿಯಿಂದ. "ಈ ಪೀಸ್ ಯಾಕ ರಿಜೆಕ್ಟ್ ಆತು?" ಅಂತ ಒಂದು ವಿಡಿಯೋದಲ್ಲಿ ಮೆತ್ತಗೆ, ಇನ್ನೊಂದರಲ್ಲಿ ಜೋರಾಗಿ, ಮತ್ತೊಂದರಲ್ಲಿ ನಾಲ್ಕು ಜನರ ಮುಂದೆ.

ಕುರ್ಚಿಯಲ್ಲಿ ಕೂರಿಸಿಯೇ ಮಾಡಿಸುತ್ತೇನೆ, ತಲೆ ಸುತ್ತು ಬಂದರೆ ಅಲ್ಲಿಗೇ ನಿಲ್ಲಿಸುತ್ತೇನೆ. ಫಿಟ್ಸ್ ಇರುವವರಿಗೆ ಬೇಡವೇ ಬೇಡ. ಪ್ರಶ್ನೆ ಬಂದಾಗ ವಿಡಿಯೋ ತಡೆಯುತ್ತೇನೆ, ಅವರು ಬಾಯಿ ಬಿಟ್ಟು ಉತ್ತರ ಕೊಡಬೇಕು. ಮೊದಮೊದಲು "ತಪ್ಪಾತ್ರಿ" ಅಷ್ಟೇ ಬರುತ್ತದೆ. ಹೇಳುತ್ತಾ ಹೇಳುತ್ತಾ "ಇನ್ಸರ್ಟ್ (ಲೋಹ ಕತ್ತರಿಸುವ ತುದಿ) ಸವೆದಿತ್ರಿ, ಬದಲಿ ಮಾಡೇನಿ, ಮುಂದಿನ ಪೀಸ್ ಚೆಕ್ ಮಾಡಿ ತೋರಸ್ತೀನಿ" ಅನ್ನುವವರೆಗೆ ಹೋಗುತ್ತದೆ. ಡಿಪ್ರೆಷನ್ ಇದ್ದಾಗ ಒಂದು ಪೀಸ್ ಕೆಟ್ಟರೆ ತಾನೇ ಕೆಟ್ಟವನು ಅಂತ ಮನಸ್ಸು ತೀರ್ಪು ಕೊಟ್ಟುಬಿಡುತ್ತದೆ, ಪೀಸಿನ ವಿಷಯಕ್ಕೆ ಪೀಸಿನ ಮಾತಷ್ಟೇ ಆಡುವುದು ರೂಢಿಯಾಗಬೇಕು.

ಹೆಡ್‌ಸೆಟ್ ತೆಗೆದ ಮೇಲೆ ಅದೇ ದಿನ ಮಾಡುವಂಥ ಒಂದು ಸಣ್ಣ ಕೆಲಸ ಗೊತ್ತು ಮಾಡುತ್ತೇವೆ. ಸ್ಟೋರ್ಸ್‌ಗೆ ಹೋಗಿ ಹೊಸ ಗ್ಲೌಸ್ ಕೇಳುವುದು, ಅಷ್ಟು ಸಣ್ಣದು. ಇದು ಬಿಹೇವಿಯರಲ್ ಆಕ್ಟಿವೇಶನ್, ಅಮೆರಿಕದ ಸೈಕಾಲಜಿಸ್ಟ್ ಪೀಟರ್ ಲೆವಿನ್‌ಸನ್ 1970ರ ದಶಕದಲ್ಲಿ ಬೆಳೆಸಿದ ದಾರಿ. ಮನಸ್ಸು ಬರಲಿ ಅಂತ ಕಾಯದೆ ಕೆಲಸ ಶುರು ಮಾಡಿಸಿ, ಮನಸ್ಸು ಆಮೇಲೆ ಬರುತ್ತದೆ. ಈ ಭಾಗ ಬಿಟ್ಟರೆ ವಿಆರ್ ಸುಮ್ನೆ ಸಿನಿಮಾ.

"ಇದಕ್ಕ ಪುರಾವೆ ಏನೈತ್ರಿ?" ಅಂತ ಮಾಲೀಕರು ಕೇಳಿದರು. ಇರುವುದನ್ನೇ ಹೇಳಿದೆ. 2016ರಲ್ಲಿ ಲಂಡನ್ ಮತ್ತು ಬಾರ್ಸಿಲೋನಾದ ಸಂಶೋಧಕರು ಡಿಪ್ರೆಷನ್ ಇದ್ದ 15 ಜನರಿಂದ ವಿಆರ್‌ನಲ್ಲಿ ಅಳುವ ಮಗುವನ್ನು ಸಮಾಧಾನ ಮಾಡಿಸಿ, ಆಮೇಲೆ ಮಗುವಿನ ಜಾಗದಲ್ಲಿ ಕೂರಿಸಿ ಅವರ ಮಾತನ್ನು ಅವರಿಗೇ ಕೇಳಿಸಿದರು. ತಿಂಗಳ ನಂತರ 9 ಜನ ಲಕ್ಷಣ ಕಡಿಮೆಯಾಗಿದೆ ಅಂದರು. ಹೋಲಿಸಿ ನೋಡಲು ಬೇರೆ ಗುಂಪು ಇರಲಿಲ್ಲ. ಪುರಾವೆ ಅಂದರೆ ಇಷ್ಟು ಸಣ್ಣದು, ಇದನ್ನೇ ದೊಡ್ಡದು ಮಾಡಿ ಮಾರುವವರಿದ್ದಾರೆ, ಹುಷಾರು.

ಎಲ್ಲಕ್ಕಿಂತ ಮೊದಲು ಪಿಎಚ್‌ಕ್ಯೂ-9, ಅಂದರೆ ಡಿಪ್ರೆಷನ್ ಎಷ್ಟಿದೆ ಅಂತ ಅಂಕದಲ್ಲಿ ಅಳೆಯುವ ಒಂಬತ್ತು ಪ್ರಶ್ನೆಗಳ ಫಾರ್ಮ್, ತುಂಬಿಸುತ್ತೇನೆ. ಅದರ 9ನೇ ಪ್ರಶ್ನೆ ಸಾಯುವ ಯೋಚನೆಯದು. ಅಲ್ಲಿ ಸೊನ್ನೆ ಬಿಟ್ಟು ಬೇರೇನೇ ಬಂದರೂ ಹೆಡ್‌ಸೆಟ್ ಪೆಟ್ಟಿಗೆಗೆ, ಮೊದಲು ಕೂತು ಮಾತು, ಆಮೇಲೆ ಮನೋವೈದ್ಯರು. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416 ನಂಬರ್ ಎಲ್ಲರ ಮೊಬೈಲಿನಲ್ಲೂ ಸೇವ್ ಮಾಡಿಸುತ್ತೇನೆ. ಹಗಲು ರಾತ್ರಿ ಎತ್ತುತ್ತಾರೆ, ಕನ್ನಡದಲ್ಲೇ ಮಾತಾಡಬಹುದು.

ಯಾರ ಅಂಕ ಎಷ್ಟು ಅಂತ ಆಫೀಸಿನವರು ಪಟ್ಟಿ ಕೇಳಿದರು, ಕೊಡಲಿಲ್ಲ. ಗುಟ್ಟು ಕಾಪಾಡಿಸಿಕೊಳ್ಳುವುದು 2017ರ ಮಾನಸಿಕ ಆರೋಗ್ಯ ಕಾಯ್ದೆ ಕೊಟ್ಟ ಹಕ್ಕು. ಬದಲಿಗೆ ಬೈಯುವುದಿದ್ದರೆ ಪಕ್ಕಕ್ಕೆ ಕರೆದು ಬೈಯಿರಿ ಅಂದೆ. ಸೂಪರ್‌ವೈಸರ್‌ಗಳು ಒಪ್ಪಿದರು, ಒಬ್ಬರನ್ನು ಬಿಟ್ಟು. ರಾತ್ರಿ ಪಾಳಿಗೆ ಮಾತ್ರ ನನ್ನ ಹತ್ತಿರ ವಿಡಿಯೋ ಇಲ್ಲ. ವಾರಕ್ಕೊಮ್ಮೆ ಪಾಳಿ ಬದಲಾದರೆ ನಿದ್ದೆ ಕೆಡುತ್ತದೆ, ನಿದ್ದೆ ಕೆಟ್ಟರೆ ಕಷ್ಟಪಟ್ಟು ಬಂದದ್ದೆಲ್ಲ ಜಾರುತ್ತದೆ. ಚಿಕಿತ್ಸೆಯಲ್ಲಿರುವವರಿಗೆ ಹಗಲು ಪಾಳಿಯನ್ನೇ ಕೊಡಿ ಅಂತ ಕೇಳಿದ್ದೇನೆ. "ನೋಡೋಣ್ರಿ" ಅಂದಿದ್ದಾರೆ.