ಸಾಲಿಸಿಟರ್ ಅಪ್ರೆಂಟಿಸ್‌ಶಿಪ್ ಫಾರ್ಮಿನ ಮೂರು ‘ಯಾಕೆ’ಗಳು: ನನ್ನ ಅನುಭವ

ಕೆಲಸಕ್ಕೆ ಸೇರಿದ್ದಾಯಿತು. ಬರ್ಮಿಂಗ್‌ಹ್ಯಾಮ್‌ನ ಒಂದು ಕಾನೂನು ಫರ್ಮ್‌ನಲ್ಲಿ ಸಾಲಿಸಿಟರ್ ಅಪ್ರೆಂಟಿಸ್. ಸಾಲಿಸಿಟರ್ ಅಂದರೆ ಇಲ್ಲಿಯ ಒಂದು ಬಗೆಯ ವಕೀಲರು; ಪೂರ್ತಿ ಹೊತ್ತು ಯೂನಿವರ್ಸಿಟಿಗೆ ಹೋಗದೆ, ಆರು ವರ್ಷ ಸಂಬಳ ಪಡೆಯುತ್ತಾ ಕಲಿತು ಸಾಲಿಸಿಟರ್ ಆಗುವ ದಾರಿ ಇದು. ವಾರಕ್ಕೆ ನಾಲ್ಕು ದಿನ ಆಫೀಸು, ಒಂದು ದಿನ ಓದು. ಈಗ ಇಂಗ್ಲೆಂಡಿನ ಕನ್ನಡದ ಮನೆಗಳಿಂದ ಫೋನ್ ಮೇಲೆ ಫೋನ್: "ನಮ್ಮ ಹುಡುಗನ ಫಾರ್ಮ್ ಸ್ವಲ್ಪ ನೋಡಿಕೊಡಮ್ಮ." ಇದೇ ಜನ ಆಗ "ಯೂನಿವರ್ಸಿಟಿ ಸೀಟು ಬಿಟ್ಟು ಅಪ್ರೆಂಟಿಸ್ ಆಗ್ತಾಳಂತೆ, ಪಾಪ" ಎಂದು ಅಮ್ಮನ ಹತ್ತಿರ ಮರುಗಿದ್ದರು. ನಮ್ಮ ಕಡೆ ಅಪ್ರೆಂಟಿಸ್ ಅಂದರೆ ಐಟಿಐ ಮುಗಿಸಿ ಕೆಎಸ್‌ಆರ್‌ಟಿಸಿ ಡಿಪೋಗೆ ಹೋಗುವವರು, ಅಲ್ವಾ. ಇರಲಿ. ಸಾಲಿಸಿಟರ್ ಆಗಲು ಪಾಸಾಗಬೇಕಾದ ಎಸ್‌ಕ್ಯೂಇ ಪರೀಕ್ಷೆ, ತರ್ಕಶಕ್ತಿ ನೋಡಲು ಫರ್ಮ್‌ಗಳು ಇಡುವ ವ್ಯಾಟ್ಸನ್ ಗ್ಲೇಸರ್ ಟೆಸ್ಟ್, ಇವುಗಳ ಮಾತು ಇಲ್ಲಿಲ್ಲ. ಕಾನೂನು ಯಾಕೆ, ಅಪ್ರೆಂಟಿಸ್‌ಶಿಪ್ ಯಾಕೆ, ನಮ್ಮ ಫರ್ಮೇ ಯಾಕೆ, ಅರ್ಜಿ ಫಾರ್ಮ್ ಕೇಳುವ ಈ ಮೂರು ಪ್ರಶ್ನೆಗೆ ನಾನು ಏನು ಬರೆದೆ ಎಂಬುದಷ್ಟೇ ಇಲ್ಲಿದೆ.

ಎ ಲೆವೆಲ್ (ನಮ್ಮ ಪಿಯುಸಿ ಇದ್ದ ಹಾಗೆ) ಓದುವಾಗ ಹದಿನೈದರ ಹತ್ತಿರ ಅರ್ಜಿ ಹಾಕಿದ್ದೆ. ಒಂದೆರಡು ಟೆಸ್ಟ್ ತನಕ ಹೋದವು, ಒಂದು ವಿಡಿಯೊ ಇಂಟರ್‌ವ್ಯೂ ತನಕ. ಮಿಕ್ಕವು ಫಾರ್ಮಿನಲ್ಲೇ ಸತ್ತವು. "ಚಿಕ್ಕಂದಿನಿಂದ ನ್ಯಾಯದ ಬಗ್ಗೆ ಒಲವು" ಎನ್ನುವ ಸಾಲು ಎಲ್ಲದರಲ್ಲೂ ಇತ್ತು. ಅದರ ಹಿಂದೆಯೇ ಶಿವಮೊಗ್ಗದಲ್ಲಿ ವಕೀಲರಾಗಿರುವ ದೊಡ್ಡಪ್ಪ, ರಜೆಯಲ್ಲಿ ಅವರ ಆಫೀಸಿನಲ್ಲಿ ಕೂತು ವಕಾಲತ್ತಿಗೆ ಸ್ಟಾಂಪ್ ಅಂಟಿಸಿದ್ದು, ಪಹಣಿ ಜೋಡಿಸಿಟ್ಟದ್ದು. ಓದುವವರಿಗೆ ಅದು ದೊಡ್ಡಪ್ಪನ ಕಥೆ. ಆಗ ನನಗೆ ಹತ್ತು ವರ್ಷ ಕೂಡ ಆಗಿರಲಿಲ್ಲ.

ದುಡ್ಡಿನ ಲೆಕ್ಕವನ್ನೂ ಹೇಳಿಬಿಡುತ್ತೇನೆ. ಫಾರ್ಮ್ ತಿದ್ದಿಕೊಡುವವರೊಬ್ಬರಿಗೆ 80 ಪೌಂಡ್ ಕೊಟ್ಟೆ. ಅವರು ಒಲವನ್ನು ‘ಅಪಾರ ಒಲವು’ ಮಾಡಿ ಕಳಿಸಿದರು. ಟೆಸ್ಟ್ ಅಭ್ಯಾಸಕ್ಕೆ 30, ಓಪನ್ ಡೇಗಳಿಗೆ ಲಂಡನ್ ರೈಲು, ಒಂದು ಕೋಟು, ಎಲ್ಲ ಸೇರಿ 250ರ ಆಸುಪಾಸು. ನಾನು ಶನಿವಾರ ಕೆಲಸ ಮಾಡುತ್ತಿದ್ದ ಮೆಡಿಕಲ್ ಶಾಪಿನಲ್ಲಿ ಗಂಟೆಗೆ 8 ಪೌಂಡ್ ಚಿಲ್ಲರೆ. ಎಷ್ಟು ಶನಿವಾರ ಎಂದು ನೀವೇ ಲೆಕ್ಕ ಹಾಕಿ.

ಯೂನಿವರ್ಸಿಟಿ ಸೀಟನ್ನು ಒಂದು ವರ್ಷ ಮುಂದಕ್ಕೆ ಹಾಕಿ, ಅದೇ ಅಂಗಡಿಗೆ ಪೂರ್ತಿ ದಿನದ ಕೆಲಸಕ್ಕೆ ಸೇರಿದೆ. ಆ ವರ್ಷ ಹಳೇ ಉತ್ತರಗಳನ್ನು ಪಕ್ಕಕ್ಕಿಟ್ಟು ಫರ್ಮಿನ ಕಡೆಯಿಂದ ಯೋಚಿಸಿದೆ. ತರಬೇತಿಯ ಫೀಸಿಗೆ 27,000 ಪೌಂಡ್ ತನಕ ಸರ್ಕಾರದ ಅಪ್ರೆಂಟಿಸ್‌ಶಿಪ್ ನಿಧಿಯಿಂದ ಬರುತ್ತದೆ. ಆದರೆ ಆರು ವರ್ಷ ಸಂಬಳ ಕೊಡುವುದು, ವಾರಕ್ಕೊಂದು ದಿನ ಓದಲು ಬಿಡುವುದು, ಕೆಲಸ ಕಲಿಸುವುದು ಫರ್ಮಿನ ತಲೆನೋವು. ಹದಿನೆಂಟು ವರ್ಷದ ಹುಡುಗಿ ಎರಡನೇ ವರ್ಷಕ್ಕೆ ಸುಸ್ತಾಗಿ ಬಿಟ್ಟುಹೋದರೆ ಎಲ್ಲ ನೀರುಪಾಲು. ಮೂರು ‘ಯಾಕೆ’ಗಳೂ ಕೇಳುತ್ತಿರುವುದು ಒಂದೇ: ನೀನು ಆರು ವರ್ಷ ನಿಲ್ಲುತ್ತೀಯಾ? ಇದು ಹೊಳೆದ ಮೇಲೆ ಪ್ರತಿ ಸಾಲಿಗೂ ಅದೇ ಪರೀಕ್ಷೆ. ನಿಲ್ಲುತ್ತೇನೆ ಎನ್ನುವುದಕ್ಕೆ ಸಾಕ್ಷಿ ಕೊಡದ ಸಾಲು ಎಷ್ಟೇ ಚೆನ್ನಾಗಿದ್ದರೂ ಔಟ್.

"ಮೆಡಿಕಲ್ ಶಾಪ್ ವಿಷಯ ಬರೆಯಬೇಡ, ಕಾನೂನಿನ ಅನುಭವ ಬರೆ" ಎಂದು ಶಾಲೆಯಲ್ಲಿ ಹೇಳಿದ್ದರು. ಅಂಗಡಿಯನ್ನೇ ಬರೆದೆ.

ಕಾನೂನು ಯಾಕೆ ಎನ್ನುವುದಕ್ಕೆ ಸಿಕ್ಕಿದ್ದು ಒಂದು ನೋಟಿಸು. ಕಟ್ಟಡದ ಮಾಲೀಕರಿಂದ ಅಂಗಡಿಗೆ ಒಂದು ದಿನ ಲಕೋಟೆ ಬಂತು, 1954ರ ಲ್ಯಾಂಡ್‌ಲಾರ್ಡ್ ಅಂಡ್ ಟೆನೆಂಟ್ ಆ್ಯಕ್ಟಿನ 25ನೇ ಸೆಕ್ಷನ್ ಪ್ರಕಾರ. ಬಾಡಿಗೆ ಕರಾರು ಇಂಥ ತಾರೀಕಿಗೆ ಮುಗಿಯುತ್ತದೆ ಎಂದಿತ್ತು. ನಮ್ಮ ಯಜಮಾನರು ಅಂಗಡಿಯೇ ಹೋಯಿತು ಎಂದು ಕೂತುಬಿಟ್ಟರು. ಅವರ ಸಾಲಿಸಿಟರ್ ಕೌಂಟರ್ ಹಿಂದೆಯೇ ನಿಂತು ಓದಿ, ಕೆಳಗಿನ ಒಂದು ಸಾಲಿಗೆ ಬೆರಳಿಟ್ಟರು: ಹೊಸ ಕರಾರಿಗೆ ಮಾಲೀಕರ ವಿರೋಧವಿಲ್ಲ. ಕೇಳಿರುವ ಬಾಡಿಗೆ ಚೌಕಾಸಿಯ ಮಾತು. ಅಪಾಯ ಇರುವುದು ತಾರೀಕಿನಲ್ಲಿ. ಅಷ್ಟರೊಳಗೆ ಒಪ್ಪಂದವೂ ಆಗದೆ, ಗಡುವೂ ಬೆಳೆಯದೆ, ಕೋರ್ಟಿಗೂ ಹೋಗದಿದ್ದರೆ ಹೊಸ ಕರಾರು ಕೇಳುವ ಹಕ್ಕೇ ಹೋಗುತ್ತದೆ. ಅವತ್ತೇ ಕ್ಯಾಲೆಂಡರಿನಲ್ಲಿ ಆ ತಾರೀಕಿಗೆ ಕೆಂಪು ಗುರುತು ಹಾಕಿದ್ದು ನಾನು. ಉತ್ತರಕ್ಕಿದ್ದ 250 ಪದದ ಮಿತಿಯಲ್ಲಿ ನೂರರಷ್ಟು ಇದಕ್ಕೇ ಹೋಯಿತು. ಬರೆಯುವ ಮುಂಚೆ ಯಜಮಾನರ ಒಪ್ಪಿಗೆ ಕೇಳಿದೆ, ಹೆಸರು, ಊರು, ಬಾಡಿಗೆ ಎಲ್ಲ ತೆಗೆದೆ. ಗುಟ್ಟು ಕಾಪಾಡುವುದು ಗೊತ್ತಿದೆ ಎಂದು ಇಂಟರ್‌ವ್ಯೂನಲ್ಲಿ ಇದಕ್ಕೇ ಒಳ್ಳೆ ಮಾತು ಬಂತು.

ಅಪ್ರೆಂಟಿಸ್‌ಶಿಪ್ ಯಾಕೆ ಎನ್ನುವುದು ಜಾಸ್ತಿ ಕಷ್ಟ. ಎಲ್ಲರ ಮನಸ್ಸಿನಲ್ಲೂ ಇರುವುದು ದುಡ್ಡು. ಡಿಗ್ರಿಗೆ ಹೋದರೆ ಆಗ ವರ್ಷಕ್ಕೆ 9,250 ಪೌಂಡ್ ಫೀಸಿತ್ತು, ಮೂರು ವರ್ಷ, ಆಮೇಲೆ ಎಸ್‌ಕ್ಯೂಇ ಖರ್ಚು ಬೇರೆ. ದುಡ್ಡಿನ ಮಾತು ಬೇಡವೇ ಬೇಡ ಎನ್ನುವವರಿದ್ದಾರೆ. ನಾನು ಒಂದು ಸಾಲು ಬರೆದೆ, ನೇರವಾಗಿ, ಗೋಳಾಡದೆ. ಮಿಕ್ಕದ್ದು ಬಾಕಿ ಚೀಟಿಯ ಕಥೆ. ಮಾತ್ರೆ ಕಮ್ಮಿ ಬಿದ್ದಾಗ ಇದ್ದಷ್ಟು ಕೊಟ್ಟು, ಉಳಿದದ್ದಕ್ಕೆ ಚೀಟಿ ಕೊಡುತ್ತೇವೆ. ವಯಸ್ಸಾದವರು ಬಸ್ಸು ಹತ್ತಿ ಬಂದರೆ ಡಬ್ಬಿ ಇನ್ನೂ ಬಂದಿರುವುದಿಲ್ಲ, ಬೈಗುಳ ಕೌಂಟರಿನವರಿಗೆ. ಒಂದು ನೋಟ್‌ಬುಕ್ ಇಟ್ಟು, ಸ್ಟಾಕ್ ಬಂದ ದಿನ ನಾನೇ ಫೋನ್ ಮಾಡತೊಡಗಿದೆ. ಎ ಲೆವೆಲ್ ಪರೀಕ್ಷೆಯ ತಿಂಗಳಲ್ಲೂ ಅದು ನಿಲ್ಲಲಿಲ್ಲ. ಓದು, ಕೆಲಸ ಎರಡನ್ನೂ ಒಟ್ಟಿಗೆ ಎಳೆಯಬಲ್ಲೆ ಎನ್ನುವುದಕ್ಕೆ ಇದಕ್ಕಿಂತ ಸಾಕ್ಷಿ ಬೇಕಾ?

ಉತ್ತರಗಳನ್ನು ಶಿವಮೊಗ್ಗದ ಅಜ್ಜಿಗೆ ಫೋನ್‌ನಲ್ಲಿ ಹೇಳಿ ನೋಡುವ ಪ್ರಯೋಗವನ್ನೂ ಮಾಡಿದೆ. "ಮಧ್ಯದಲ್ಲಿ ಬೇಜಾರಾದ್ರೆ ಏನ್ ಮಾಡ್ತೀಯ ಪುಟ್ಟಿ?" ಅಂದರು. ಮುಂದೆ ಇಂಟರ್‌ವ್ಯೂನಲ್ಲಿ ಫರ್ಮಿನ ಒಬ್ಬ ಪಾರ್ಟ್ನರ್ (ಪಾಲುದಾರ ವಕೀಲರು) ಕೇಳಿದ್ದೂ ಇದನ್ನೇ. ಚಾಟ್‌ಜಿಪಿಟಿಯಿಂದಲೂ ಮೂರು ಫರ್ಮಿಗೆ ಉತ್ತರ ಬರೆಸಿ ನೋಡಿದೆ. ಹೆಸರು ಅಳಿಸಿದರೆ ಯಾವುದು ಯಾರದ್ದೆಂದು ನನಗೇ ತಿಳಿಯಲಿಲ್ಲ. ಅಜ್ಜಿಯೇ ವಾಸಿ.

ನಮ್ಮ ಫರ್ಮೇ ಯಾಕೆ ಎನ್ನುವುದಕ್ಕೆ ಎಲ್ಲರೂ ಫರ್ಮಿನ ಸೈಟಿನಿಂದ ಪ್ರಶಸ್ತಿ ಹೆಕ್ಕುತ್ತಾರೆ. ನಾನು ನ್ಯಾಷನಲ್ ಆರ್ಕೈವ್ಸ್‌ನ ಫೈಂಡ್ ಕೇಸ್ ಲಾ ಎಂಬ, ಕೋರ್ಟ್ ತೀರ್ಪುಗಳ ಸೈಟು ತೆರೆದೆ. 2022ರಿಂದ ಇದೆ, ಪುಕ್ಕಟೆ. ಅನೇಕ ತೀರ್ಪುಗಳ ತಲೆಯಲ್ಲೇ ಯಾರ ಪರ ಯಾವ ಫರ್ಮ್ ಇತ್ತು ಎಂದು ಇರುತ್ತದೆ. ಫರ್ಮಿನ ಹೆಸರು ಹಾಕಿ ಹುಡುಕಿ, ಒಂದು ತೀರ್ಪು ಓದಿ, ಅದರಲ್ಲಿ ನನಗೆ ಅರ್ಥವಾಗದೆ ಉಳಿದ ಒಂದು ಅಂಶವನ್ನೇ ಬರೆದೆ. ಫರ್ಮ್ ಎಲ್‌ಎಲ್‌ಪಿ (ಸೀಮಿತ ಹೊಣೆಯ ಪಾಲುದಾರಿಕೆ) ಆಗಿದ್ದರೆ, ಕಂಪನಿಗಳ ಸರ್ಕಾರಿ ನೋಂದಣಿ ಕಚೇರಿಯಾದ ಕಂಪನೀಸ್ ಹೌಸ್‌ನಲ್ಲಿ ಅದರ ಲೆಕ್ಕಪತ್ರವೂ ಸಿಗುತ್ತದೆ, ಯಾವ ವಿಭಾಗ ಬೆಳೆಯುತ್ತಿದೆ ಎಂದು ಕೆಲವು ಕಡೆ ಗೊತ್ತಾಗುತ್ತದೆ. ಮೂರನೇ ಜಾಗವೊಂದಿದೆ, ಅದನ್ನು ಈಗ ಹೇಳಲ್ಲ. ನನ್ನ ತಮ್ಮ ಈ ವರ್ಷ ಹಾಕುತ್ತಿದ್ದಾನೆ, ಅವನದೊಂದು ಮುಗಿಯಲಿ.

ಇನ್ನೊಂದು. ಸಾಲಿಸಿಟರ್ ಅಪ್ರೆಂಟಿಸ್‌ಶಿಪ್ ಲೆವೆಲ್ 7 ಎಂಬ ಮೇಲಿನ ದರ್ಜೆಯದು. ಆ ದರ್ಜೆಗೆ ಇಂಗ್ಲೆಂಡಿನಲ್ಲಿ ಸರ್ಕಾರದ ದುಡ್ಡು 2026ರ ಜನವರಿಯಿಂದ, ಕೆಲವು ವಿನಾಯಿತಿ ಬಿಟ್ಟರೆ, ಸೇರುವಾಗ ವಯಸ್ಸು 21 ಅಥವಾ ಅದಕ್ಕಿಂತ ಕಮ್ಮಿ ಇರುವವರಿಗೆ ಮಾತ್ರ. ಇನ್ನೊಂದು ವರ್ಷ ಕಾಯೋಣ ಎನ್ನುವ ದೊಡ್ಡ ಮಕ್ಕಳು ಮೊದಲು ವಯಸ್ಸು ನೋಡಿಕೊಳ್ಳಿ.

ಎರಡನೇ ಸಲ ಹಾಕಿದ್ದು ಆರೋ ಏಳೋ. ಒಂದೊಂದಕ್ಕೂ ವಾರಗಟ್ಟಲೆ ಕೂತೆ. ಅರ್ಧಕ್ಕಿಂತ ಜಾಸ್ತಿ ಕಡೆಯಿಂದ ಇಂಟರ್‌ವ್ಯೂ, ಎರಡು ಆಫರ್. ಲಂಡನ್ನಿನವರು 27 ಸಾವಿರ ಪೌಂಡ್ ಸಂಬಳ ಹೇಳಿದರು, ಬರ್ಮಿಂಗ್‌ಹ್ಯಾಮ್‌ನವರು 23 ಚಿಲ್ಲರೆ. ಲಂಡನ್ನಿನಲ್ಲಿ ರೂಮಿಗೇ ತಿಂಗಳಿಗೆ ಸಾವಿರದ ಹತ್ತಿರ ಬೇಕು. ಕವೆಂಟ್ರಿಯ ನಮ್ಮ ಮನೆಯಿಂದ ಬರ್ಮಿಂಗ್‌ಹ್ಯಾಮ್‌ಗೆ ರೈಲಿನಲ್ಲಿ ಅರ್ಧ ಗಂಟೆ, ಊಟ ಅಮ್ಮನದು. 23 ಚಿಲ್ಲರೆಗೇ ಸಹಿ ಹಾಕಿದೆ.